40 ಎಕರೆ ಕೆರೆಗೆ ಹೈಬ್ರಿಡ್ ಬಾಸ್: ಎಷ್ಟು ಮರಿ, ಯಾವ ಸೈಜು, ಯಾವಾಗ?

ಏರಿಮೇಲಿನವ

ಅಮೆರಿಕದ ಅರ್ಕಾನ್ಸಾದಲ್ಲಿ ನಮ್ಮ ಬಡಾವಣೆ ಸಂಘದ್ದೇ 40 ಎಕರೆ ಕೆರೆ ಇದೆ. ಏರಿ ಹತ್ತಿರ 18 ಅಡಿ ಆಳ, ಉಳಿದ ಕಡೆ 6-8 ಅಡಿ. ಲಾರ್ಜ್‌ಮೌತ್ ಬಾಸ್ (ದೊಡ್ಡ ಬಾಯಿಯ ಬೇಟೆ ಮೀನು), ಬ್ಲೂಗಿಲ್ (ಅದಕ್ಕೆ ಆಹಾರವಾಗುವ ಸಣ್ಣ ಮೀನು) ಮೊದಲಿಂದಲೂ ಇವೆ. ಹೇಗೋ ಸೇರಿಕೊಂಡ ಗಿಜರ್ಡ್ ಶ್ಯಾಡ್ ಅನ್ನುವ ಬೆಳ್ಳಿ ಬಣ್ಣದ ಮೀನು ಈಗ ವಿಪರೀತ, ಬಹುಪಾಲು 9-10 ಇಂಚಿನವು. ಸದಸ್ಯರಿಗೆ ಗಾಳ ಕಚ್ಚಿದರೆ ಕೈ ಸೋಲುವ ಹಾಗೆ ಎಳೆಯುವ ಮೀನು ಬೇಕಂತೆ, ಹೈಬ್ರಿಡ್ ಸ್ಟ್ರೈಪ್ಡ್ ಬಾಸ್ (ಸ್ಟ್ರೈಪ್ಡ್ ಬಾಸ್, ವೈಟ್ ಬಾಸ್ ಎರಡರ ಬೆರಕೆ ಮೀನು) ಬಿಡುವುದು ಅಂತ ತೀರ್ಮಾನವಾಗಿದೆ.

ಎಕರೆಗೆ ಎಷ್ಟು ಬಿಡಬೇಕು? 2 ಇಂಚಿನ ಮರಿ ಅಗ್ಗ, 8 ಇಂಚಿನದು ದುಬಾರಿ, ಯಾವುದು ಸರಿ? ಒಮ್ಮೆ ಬಿಟ್ಟರೆ ಮುಂದೆ ತಾವೇ ಮರಿ ಮಾಡ್ತವಾ? ಶ್ಯಾಡ್ ಕಾಟ ಕಡಿಮೆ ಆಗುತ್ತಾ? ಮಾರುವವರಲ್ಲಿ ಒಬ್ಬರು ಸನ್‌ಶೈನ್ ಅಂತಾರೆ, ಇನ್ನೊಬ್ಬರು ಪಾಲ್ಮೆಟ್ಟೊ ಅಂತಾರೆ. ವ್ಯತ್ಯಾಸ ಇದೆಯಾ?

ಮರಿಕೊಳ

ಹೆಸರಿನ ಗೊಂದಲ ಮೊದಲು ಮುಗಿಸೋಣ. ಹೆಣ್ಣು ಸ್ಟ್ರೈಪ್ಡ್ ಬಾಸ್, ಗಂಡು ವೈಟ್ ಬಾಸ್ ಸೇರಿಸಿದರೆ ಪಾಲ್ಮೆಟ್ಟೊ. 1960ರ ದಶಕದಲ್ಲಿ ಸೌತ್ ಕರೋಲಿನಾದಲ್ಲಿ ಮೊದಲು ಮಾಡಿದ್ದು ಇದನ್ನೇ. ಹೆಣ್ಣು ವೈಟ್ ಬಾಸ್, ಗಂಡು ಸ್ಟ್ರೈಪ್ಡ್ ಆದರೆ ಸನ್‌ಶೈನ್. ಹೆಣ್ಣು ವೈಟ್ ಬಾಸ್ ಸಿಗುವುದೂ ಸಾಕುವುದೂ ಸುಲಭ, ಹಾಗಾಗಿ ಮಾರಾಟಕ್ಕೆ ಬರುವುದರಲ್ಲಿ ಸನ್‌ಶೈನ್ ಹೆಚ್ಚು. ಅದರ ಮೊಟ್ಟೆ ಸಣ್ಣದು, ಒಡೆದ ಮರಿ ಇನ್ನೂ ಸಣ್ಣದು, ಮೊದಲ ದಿನಗಳಲ್ಲಿ ರೋಟಿಫರ್ (ಕಣ್ಣಿಗೆ ಕಾಣದಷ್ಟು ಸಣ್ಣ ನೀರಜೀವಿ) ಬಿಟ್ಟು ಬೇರೆ ಏನೂ ಬಾಯಿಗೆ ಹಿಡಿಯಲ್ಲ. ಆ ತಲೆನೋವು ಮರಿ ಸಾಕುವವನದು. 8 ಇಂಚು ದಾಟಿದ ಮೇಲೆ ಗಾಳ ಹಾಕುವವನಿಗೆ ಎರಡೂ ಒಂದೇ.

ಸೈಜಿನಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ಲಾರ್ಜ್‌ಮೌತ್ ತುಂಬಿರುವ ಕೆರೆಗೆ 2 ಇಂಚಿನ ಮರಿ ಬಿಡುವುದು ಅಂದರೆ ಅವಕ್ಕೆ ದುಡ್ಡು ಕೊಟ್ಟು ಊಟ ಹಾಕಿದ ಹಾಗೆ. ಸರ್ಕಾರದವರು ದೊಡ್ಡ ಜಲಾಶಯಗಳಿಗೆ ಎಕರೆಗೆ 5ರಿಂದ 20ರಂತೆ ಸಣ್ಣ ಮರಿ ಬಿಡುತ್ತಾರೆ ನಿಜ. ಆದರೆ ಅಲ್ಲಿ ಮರಿಗೆ ಚದುರಿಕೊಳ್ಳಲು ಸಾವಿರಾರು ಎಕರೆ ಬಯಲು ನೀರಿದೆ. ನಿಮಗೆ 8 ಇಂಚಿನದೇ ಸರಿ, ಎಕರೆಗೆ 10, ಒಟ್ಟು 400.

ಮರಿ ಮಾಡುವ ವಿಷಯ: ಇವು ಬಂಜೆ ಮೀನುಗಳಲ್ಲ, ಆ ಮಾತು ತಪ್ಪು. ವಸಂತದಲ್ಲಿ ಮೊಟ್ಟೆ ಕಟ್ಟುತ್ತವೆ, ಹರಿವು ಹುಡುಕಿಕೊಂಡು ಹೋಗುತ್ತವೆ. ನಿಂತ ಕೆರೆಯಲ್ಲಿ ಅದರಿಂದ ಫಲ ಇಲ್ಲ, ನೀವು ಲೆಕ್ಕ ಇಡಬಹುದಾದಂಥ ಮರಿ ಬರಲ್ಲ. ಹೊಳೆ ಸೇರಿಕೊಂಡರೆ ಅಲ್ಲಿನ ವೈಟ್ ಬಾಸ್ ಜೊತೆ ಬೆರೆಯಬಲ್ಲವು. ಅದಕ್ಕೇ ಮುಂಗಡ ಕೊಡುವ ಮೊದಲು ರಾಜ್ಯದ ಮೀನುಗಾರಿಕೆ ಇಲಾಖೆಯನ್ನು ಕೇಳಿ. ಅನುಮತಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಮೂರುಮುಳ್ಳು

ಶ್ಯಾಡ್ ವಿಷಯದಲ್ಲಿ ಆಸೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಹೈಬ್ರಿಡ್ ಬಾಯಿ ಲಾರ್ಜ್‌ಮೌತ್ ಬಾಯಿಗಿಂತ ಎಷ್ಟೋ ಚಿಕ್ಕದು. 16 ಇಂಚಿನ ಹೈಬ್ರಿಡ್‌ಗೆ 4-5 ಇಂಚಿನ ಶ್ಯಾಡ್ ಅಂದರೆ ದೊಡ್ಡ ತುತ್ತು. ನಿಮ್ಮಲ್ಲಿರುವ 10 ಇಂಚಿನವನ್ನು ಅದು ಮುಟ್ಟುವುದೂ ಇಲ್ಲ. ಅದು ತಿನ್ನುವುದು ಆ ವರ್ಷ ಹುಟ್ಟಿದ ಶ್ಯಾಡ್ ಮರಿಗಳನ್ನು, ಅದೂ ಬೇಸಿಗೆಯ ಕೆಲವು ತಿಂಗಳು. ಗಿಜರ್ಡ್ ಬೇಗ ಬೆಳೆದು ಬಾಯಿಗೆ ಸಿಗದ ಸೈಜಿಗೆ ಹೋಗುತ್ತದೆ, ಆಮೇಲೆ ಚಳಿಗಾಲದಲ್ಲಿ ಹೈಬ್ರಿಡ್ ಉಪವಾಸ. ಕೆರೆ ತುಂಬ ಶ್ಯಾಡ್ ಇದ್ದೂ ಮೀನು ಸೊರಗುವುದು ಹೀಗೆ.

ಶ್ಯಾಡ್‌ನಲ್ಲೇ ಇನ್ನೊಂದು ಜಾತಿ, ಥ್ರೆಡ್‌ಫಿನ್ ಶ್ಯಾಡ್, ಕೆರೆಗೆ ಬಿಟ್ಟರೆ? ಅದು 5-6 ಇಂಚು ದಾಟುವುದೇ ಅಪರೂಪ, ಮೇವಿಗೆ ಹೇಳಿ ಮಾಡಿಸಿದ್ದು. ಆದರೆ ನೀರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ರಾಶಿ ರಾಶಿ ಸಾಯುತ್ತದೆ. 18 ಅಡಿ ಆಳದ ಕೆರೆಯಲ್ಲಿ ಅವಕ್ಕೆ ಬೆಚ್ಚಗೆ ಅಡಗಲು ಜಾಗ ಇರಲ್ಲ. ಪ್ರತಿ ವಸಂತ ಮತ್ತೆ ತರಿಸುವ ತಯಾರಿ ಇದ್ದರೆ ಮಾತ್ರ ಕೈಹಾಕಿ.

ಅದಕ್ಕಿಂತ ತೇಲುವ ಮೇವು ಸುಲಭ, 36-40 ಶೇಕಡಾ ಪ್ರೊಟೀನಿನದು. ಮೇವು ತಿಂದು ಬೆಳೆದ ಮರಿಯನ್ನೇ ಕೇಳಿ ತಗೊಳ್ಳಿ, ಅವು ಮೇವು ಮರೆಯಲ್ಲ. 15 ನಿಮಿಷದಲ್ಲಿ ಖಾಲಿಯಾಗುವಷ್ಟು ಎರಚಿ, ಉಳಿದು ತೇಲುತ್ತಿದ್ದರೆ ಮರುದಿನ ಕಡಿಮೆ ಮಾಡಿ.

ಟ್ಯಾಂಕರ್_ಕಾಕಾ

ಎಲ್ಲರೂ ಎಷ್ಟು ಬಿಡಬೇಕು ಅಂತಾರೆ, ಹೇಗೆ ಬಿಡಬೇಕು ಅನ್ನುವುದನ್ನು ಯಾರೂ ಹೇಳಲ್ಲ. ಹೈಬ್ರಿಡ್ ಸಾಯುವುದು ಹೆಚ್ಚಾಗಿ ಸಾಗಣೆಯ ಪೆಟ್ಟಿನಿಂದಲೇ, ಅದೂ ಬಿಟ್ಟ ಎರಡು ಮೂರು ದಿನದ ಮೇಲೆ, ಯಾರೂ ನೋಡದ ಹೊತ್ತಲ್ಲಿ.

ನೀರು 10-18 ಡಿಗ್ರಿ ಇರುವ ದಿನಗಳಲ್ಲಿ ತರಿಸಿ, ಅಂದರೆ ಶರತ್ಕಾಲದ ಕೊನೆ ಅಥವಾ ವಸಂತದ ಆರಂಭ. ಹೊರಡುವ 24-48 ಗಂಟೆ ಮೊದಲೇ ಮೇವು ನಿಲ್ಲಿಸಿರಬೇಕು. ಹೊಟ್ಟೆ ತುಂಬಿದ ಮೀನು ಟ್ಯಾಂಕಿನಲ್ಲಿ ಕಕ್ಕಿ, ಹೇತು ಅಮೋನಿಯಾ ಏರಿಸುತ್ತದೆ. 8 ಇಂಚಿನದು ಒಂದೊಂದು ಸುಮಾರು 110 ಗ್ರಾಂ, 400ಕ್ಕೆ 44 ಕೆಜಿ. ಆಮ್ಲಜನಕದ ಸಿಲಿಂಡರ್ ಇದ್ದರೆ 1000 ಲೀಟರ್ ಟ್ಯಾಂಕಿನಲ್ಲಿ ಆರಾಮಾಗಿ ಬರುತ್ತವೆ. (ನೀರೇ ಒಂದು ಟನ್ ಆಯಿತು, ಸಣ್ಣ ಪಿಕಪ್ ಹಿಂದೆ ಏರಿಸಬೇಡಿ.) ಆ ನೀರಿಗೆ 5 ಕೆಜಿ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ. ಗಾಬರಿಯಾದ ಮೀನಿನ ಮೈಯಿಂದ ಲವಣ ಸೋರಿ ಹೋಗುತ್ತದೆ, ಉಪ್ಪು ಅದನ್ನು ತಡೆಯುತ್ತದೆ.

ಕೆರೆ ಹತ್ತಿರ ಬಂದ ಮೇಲೆ ಎರಡು ನೀರಿನ ಬಿಸಿಯನ್ನೂ ಅಳೆಯಿರಿ. ವ್ಯತ್ಯಾಸ 3 ಡಿಗ್ರಿಗಿಂತ ಹೆಚ್ಚಿದ್ದರೆ ಟ್ಯಾಂಕಿನ ಕಾಲು ಭಾಗ ಚೆಲ್ಲಿ ಕೆರೆ ನೀರು ತುಂಬಿ, 15 ನಿಮಿಷ ಬಿಡಿ, ಮತ್ತೆ ಅದೇ. ಕೆರೆ ನೀರಿನ ಗಡಸುತನವನ್ನೂ ಮೊದಲೇ ನೋಡಿಸಿ. ಕ್ಯಾಲ್ಸಿಯಂ ತೀರಾ ಕಡಿಮೆ ಇರುವ ಮೆದು ನೀರಿಗೆ ಬಿಟ್ಟರೆ ಮೀನು ಮೊದಲ ದಿನವೇ ಸೆಟೆದುಕೊಳ್ಳುತ್ತದೆ. ಕ್ಷಾರೀಯತೆಯೂ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗಿದ್ದರೆ ಆರು ತಿಂಗಳು ಮೊದಲು ಸುಣ್ಣದಕಲ್ಲಿನ ಪುಡಿ ಹಾಕಿಸಿ. ಸುಟ್ಟ ಸುಣ್ಣ ಬೇಡವೇ ಬೇಡ, ಪಿಎಚ್ ಒಂದೇ ಸಲ ಮೇಲೇರುತ್ತದೆ.

ಬಲೆಯಲ್ಲಿ ಮೊಗೆದು ಬಿಡಬೇಡಿ. ಬೆನ್ನಿನ ಮುಂದಿನ ರೆಕ್ಕೆ ಮುಳ್ಳುಮುಳ್ಳು, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ. ಬಲೆಯಲ್ಲಿ ಒಂದರ ಮುಳ್ಳು ಇನ್ನೊಂದರ ಮೈಗೆ ಸಿಕ್ಕಿ ಹುರುಪೆ ಎದ್ದರೆ ಅಲ್ಲೇ ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ ರೋಗ ಹಿಡಿಯುತ್ತದೆ. ಬೆನ್ನ ಮೇಲೆ ಜೀನು ಹಾಕಿದ ಹಾಗೆ ಮಾಸಲು ಪಟ್ಟೆ ಕಂಡರೆ ಅದೇ. ಟ್ಯಾಂಕಿನ ತೂಬಿಗೆ ಅಗಲ ಪೈಪು ಜೋಡಿಸಿ ನೀರಿನ ಸಮೇತ ಇಳಿಸಿ. ಇಪ್ಪತ್ತು ಮೀನನ್ನು ಮಾತ್ರ ಬಲೆಪಂಜರದಲ್ಲಿ ಆಳದ ಕಡೆ ಮೂರು ದಿನ ಇಟ್ಟು ನೋಡಿ. ಅದರಲ್ಲಿ ಎಷ್ಟು ಸತ್ತವು ಅನ್ನುವುದರ ಮೇಲೆ ಉಳಿದ 380ರ ಗತಿ ಗೊತ್ತಾಗುತ್ತದೆ.

ಏರಿಮೇಲಿನವ

ತುಂಬಾ ಉಪಕಾರ. ಇನ್ನೆರಡು. ಕೋಡಿ 20 ಅಡಿ ಅಗಲದ ಕಾಂಕ್ರೀಟು, ಮಳೆಗಾಲದಲ್ಲಿ ಒಂದಡಿ ನೀರು ಹರಿಯುತ್ತೆ. ಜಾಲರಿ ಕಟ್ಟಿಸಲಾ? ಮತ್ತೆ, ಹಿಡಿದವರೆಲ್ಲ ವಾಪಸ್ ಬಿಡಬೇಕು ಅಂತ ನಿಯಮ ಮಾಡೋಣ ಅಂತಿದ್ದಾರೆ.

ಮರಿಕೊಳ

ಕೋಡಿಗೆ ಜಾಲರಿ ಬೇಡ. ಒಂದು ರಾತ್ರಿಯ ಮಳೆಗೆ ಎಲೆ, ಕಡ್ಡಿ ಸಿಕ್ಕಿ ಗೋಡೆ ಆಗುತ್ತದೆ, ನೀರು ಏರಿಯ ಮೇಲೆ ಹತ್ತುತ್ತದೆ. ಅಡ್ಡಡ್ಡ ಕಬ್ಬಿಣದ ಸರಳು, ನಡುವೆ ಮುಕ್ಕಾಲು ಇಂಚು ಸಂದು, ಹರಿವು ಹತ್ತುವ ಎತ್ತರಕ್ಕೆ. ಕಸ ಹೆಚ್ಚುಪಾಲು ನುಸುಳಿ ಹೋಗುತ್ತದೆ, ಮೀನು ನಿಲ್ಲುತ್ತದೆ. ಆದರೂ ಏರಿ ನೋಡಿಕೊಳ್ಳುವ ಎಂಜಿನಿಯರ್ ಒಪ್ಪದೆ ಕೋಡಿಗೆ ಏನನ್ನೂ ಬಿಗಿಯಬೇಡಿ. ಹೈಬ್ರಿಡ್ ಕಳೆದುಹೋಗುವ ದಾರಿಗಳಲ್ಲಿ ಕೋಡಿಯೇ ದೊಡ್ಡದು, ಹರಿಯುವ ಸದ್ದು ಕೇಳಿದರೆ ಹಿಂಡೇ ಹೋಗಿ ನಿಲ್ಲುತ್ತದೆ.

ಮೂರುಮುಳ್ಳು

ಬೇಸಿಗೆಯಲ್ಲಿ 'ವಾಪಸ್ ಬಿಡಿ' ನಿಯಮ ಮೀನಿಗೆ ಉಪಕಾರ ಅಲ್ಲ. ನೀರು 27 ಡಿಗ್ರಿ ದಾಟಿದ ಮೇಲೆ ಹಿಡಿದ ಹೈಬ್ರಿಡ್ ಈಜಿಕೊಂಡು ಹೋದಂತೆ ಕಂಡರೂ ಎಷ್ಟೋ ಸಲ ಆಮೇಲೆ ತಳದಲ್ಲಿ ಸಾಯುತ್ತದೆ. ಉಸಿರು ಹೋಗುವವರೆಗೆ ಎಳೆಯುವ ಜಾತಿ ಅದು. ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ 'ಹಿಡಿದರೆ ಮನೆಗೆ ಒಯ್ಯಿರಿ, ದಿನಕ್ಕೆ ಎರಡೇ' ಅನ್ನಿ. ತಣ್ಣಗಿನ ತಿಂಗಳಲ್ಲಿ ಬಿಡಿಸಿ.

ಒಯ್ದಿದ್ದನ್ನೆಲ್ಲ ಏರಿ ಪಕ್ಕದ ಪೆಟ್ಟಿಗೆಯಲ್ಲಿ ನೋಟ್‌ಬುಕ್ ಇಟ್ಟು ಬರೆಸಿ: ಉದ್ದ, ತೂಕ, ತಾರೀಖು. ಮುಂದಿನ ವರ್ಷ ಎಷ್ಟು ಬಿಡಬೇಕು ಅನ್ನುವುದು ಅದರಿಂದಲೇ ತೀರ್ಮಾನವಾಗಬೇಕು. 15 ಇಂಚಿನದು ಹತ್ತಿರಹತ್ತಿರ 800 ಗ್ರಾಂ ತೂಗಬೇಕು. 650ಕ್ಕೆ ಇಳಿದಿದ್ದರೆ ಮೇವು ಸಾಲುತ್ತಿಲ್ಲ, ಆ ವರ್ಷ ಮರಿ ತರಿಸಬೇಡಿ.