ಕಾಡಲ್ಲಿ ರಾತ್ರಿ ಕಳೆದ ಮೇಲೆ ಹೊರಡೋದು ಯಾವಾಗ?

ಪ್ರಶ್ನೆ: ಮುಂದಿನ ತಿಂಗಳು ಮೂವರು ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತುತ್ತಿದ್ದೇವೆ. ಮಂಜಲ್ಲಿ ದಾರಿ ತಪ್ಪಿ, ಬಂಡೆ ಮರೆಯಲ್ಲೋ ಸೊಪ್ಪಿನ ಚಪ್ಪರದಲ್ಲೋ ರಾತ್ರಿ ಕಳೆಯಬೇಕಾಗಿ ಬಂದರೆ ಅಲ್ಲೇ ಕಾಯಬೇಕಾ, ಹೊರಡಬೇಕಾ? ಅನುಭವ ಇದ್ದವರು ಹೇಳಿ.

ಕಕ್ಕಬ್ಬೆಯಿಂದ: ನೀವು ಬೆಟ್ಟಕ್ಕೆ ಹೋಗಿರುವುದು ಕೆಳಗೆ ಯಾರಿಗಾದರೂ ಗೊತ್ತಾ? ಮೊದಲು ಅದು ಹೇಳಿ. ಹೋಂಸ್ಟೇಯವರಿಗೆ ಹೋಗುವ ದಾರಿ, ವಾಪಸ್ ಬರುವ ಹೊತ್ತು ಎರಡೂ ತಿಳಿಸಿದ್ದರೆ ಕೂತಲ್ಲೇ ಕೂರಿ. ಹುಡುಕುವವರು ಆ ದಾರಿಯಿಂದಲೇ ಶುರು ಮಾಡುತ್ತಾರೆ. ನೀವೂ ಸುಮ್ನೆ ಅಲೆಯುತ್ತಿದ್ದರೆ, ಅವರು ಒಮ್ಮೆ ನೋಡಿ ಬಿಟ್ಟ ಜಾಗಕ್ಕೇ ಹೋಗಿ ಸೇರುತ್ತೀರಿ. ಯಾರಿಗೂ ಹೇಳದೆ ಹೋಗಿದ್ದರೆ ಮಾತ್ರ ಹೊರಡುವ ಯೋಚನೆ.

ಆಗಲೂ ಜನ ಎಡವುವುದು ಮಳೆ ಹೊಳವಾದಾಗ. ಒಂದಿಷ್ಟು ನಿಂತ ಕೂಡಲೇ ಚೀಲ ಹೆಗಲಿಗೇರುತ್ತದೆ. ಇಲ್ಲಿನ ಹೊಳವನ್ನು ಅರ್ಧ ಗಂಟೆಗೂ ನಂಬಬಾರದು. ನಾನು ನೋಡುವುದು ಎದುರಿನ ಗುಡ್ಡವನ್ನ. ಅದರ ನೆತ್ತಿ ಕಂಡು, ಮತ್ತೆ ಮುಚ್ಚಿಕೊಳ್ಳದೆ ಹಾಗೇ ಉಳಿದರೆ ಸರಿ. ಆಮೇಲೆ ತೊರೆ. ನೀರಿನ ಅಂಚಿಗೆ ಒಂದು ಕಡ್ಡಿ ಚುಚ್ಚಿಟ್ಟು ಕಾಯಿರಿ. ಬೆಟ್ಟದ ತೊರೆ ಏರುವುದೂ ಬೇಗ, ಇಳಿಯುವುದೂ ಬೇಗ. ನೀರು ಕಡ್ಡಿಯಿಂದ ಚೆನ್ನಾಗಿ ಹಿಂದೆ ಸರಿದು, ಕೆಂಪು ಹೋಗಿ ತಿಳಿಯಾಗುವವರೆಗೆ ದಾಟಬೇಡಿ. ಇಷ್ಟೆಲ್ಲ ಸರಿಹೋಗುವಷ್ಟರಲ್ಲಿ ಮಧ್ಯಾಹ್ನ ದಾಟಿದರೆ ನಾನಾದರೆ ಇನ್ನೊಂದು ರಾತ್ರಿ ಅಲ್ಲೇ. ಸಂಜೆ ಆನೆ ಓಡಾಡುವ ಹೊತ್ತು, ನಸುಕೂ ಹಾಗೇ. ಬೆಳಗ್ಗೆ ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ.

ವಿರಾಜಪೇಟೆಯಿಂದ: ತೊರೆ ಹಿಡಿದು ಇಳಿದರೆ ಊರು ಸಿಗುತ್ತೆ ಅಂತಾರಲ್ಲ, ಇಲ್ಲಿ ಬೇಡ. ತೊರೆ ಹೋಗಿ ಅಬ್ಬಿಯಾಗಿ ಬೀಳುತ್ತದೆ. ಬೆಟ್ಟದ ಪಶ್ಚಿಮದ ನೀರು ಕೇರಳದ ಕಡೆಗೆ ಹರಿಯುತ್ತದೆ, ಆ ಬದಿ ಬರೀ ದಟ್ಟ ಕಾಡು. ಪೂರ್ವಕ್ಕೆ ಕಾಫಿ ತೋಟ, ತೋಟದ ಕೆಲಸಗಾರರ ಲೈನ್ ಮನೆ. ನಾಯಿ ಬೊಗಳುವುದು ಕೇಳಿಸಿದರೆ ಆ ದಿಕ್ಕು ಗುರುತಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು: ಒಬ್ಬನಿಗೆ ಚಳಿ ಜಾಸ್ತಿಯಾಗಿ ನಡುಗುತ್ತಿದ್ದರೆ? ಬೇಗ ಇಳಿಸುವುದೇ ಒಳ್ಳೆಯದಲ್ವಾ?

ಕಕ್ಕಬ್ಬೆಯಿಂದ: ನಡುಗುತ್ತಾ ಸರಿಯಾಗಿ ಮಾತಾಡುತ್ತಿದ್ದರೆ ಒದ್ದೆ ಬಟ್ಟೆ ಬಿಚ್ಚಿಸಿ, ಒಣಗಿದ್ದು ಹಾಕಿಸಿ, ತಿನ್ನಲು ಕೊಡಿ, ಆಮೇಲೆ ನೋಡೋಣ. ಮಾತು ತೊದಲುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ಬೆರಳು ಕೇಳದಿದ್ದರೆ, ನಡುಕ ತಾನಾಗಿ ನಿಂತುಬಿಟ್ಟರೆ ನಡೆಸಲೇಬೇಡಿ. ಒಬ್ಬರು ಅವನ ಜೊತೆ ಮೈಗೆ ಮೈ ತಾಗಿಸಿ ಕೂರಿ. ನೆಲದ ಮೇಲೆ ದಪ್ಪಗೆ ಸೊಪ್ಪು ಹಾಸಿ, ಥಂಡಿ ಜಾಸ್ತಿ ಬರುವುದು ಕೆಳಗಿನಿಂದ. 112ಕ್ಕೆ ಪ್ರಯತ್ನಿಸಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಮೂಲಕ ಹೋಗಬಹುದು.

ಮಡಿಕೇರಿಯಿಂದ: ಕಾಯಿರಿ ಎನ್ನುವುದಕ್ಕೆ ನನ್ನದೊಂದು ತಕರಾರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದು ನೆನಪಿದೆಯಲ್ಲ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಜೋರು ಮಳೆಯಲ್ಲೂ ತೊರೆಯ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು, ಇವು ಕಂಡರೆ ರಾತ್ರಿಯಾದರೂ ಆ ತಗ್ಗು ಬಿಟ್ಟು ಪಕ್ಕದ ಎತ್ತರಕ್ಕೆ ಸರಿಯಿರಿ. ಊರಿಗಲ್ಲ, ಇನ್ನೊಂದು ಮರೆಗೆ ಅಷ್ಟೇ. ಹೋಗುವಾಗ ಹಳೆ ಜಾಗದಲ್ಲಿ ಬಟ್ಟೆ ತುಂಡೊಂದನ್ನು ಕಟ್ಟಿ, ಹೋದ ದಿಕ್ಕಿಗೆ ಕೊಂಬೆಯ ಬಾಣ ಹಾಕಿ.