ನಿಯಮದ ಭಾಷೆಯಲ್ಲಿ ‘ಯಾವುದೇ’ ಎಂದರೆ ‘ಎಲ್ಲವೂ’ ಎಂದಾಗುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಫಾರ್ಮುಲಾ ಒನ್ ರೇಸಿನ ನಿಯಮವೊಂದನ್ನು ಕನ್ನಡಕ್ಕೆ ತರುವಾಗ, ಇಂಗ್ಲಿಷಿನ ‘ಎನಿ’ (any) ಪದಕ್ಕೆ ‘ಯಾವುದೇ’ ಎಂದು ಬರೆಯುವಲ್ಲಿ ಸಿಕ್ಕಿಕೊಂಡಿದ್ದೇನೆ. 2021ರ ವಿಶ್ವ ಚಾಂಪಿಯನ್ ಪಟ್ಟದ ಜಗಳ ಈ ನಿಯಮದ ಸುತ್ತಲೇ ನಡೆದದ್ದರಿಂದ, ಅಂದಾಜಿನ ಮೇಲೆ ಒಂದು ಪದ ಹಾಕಿ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ರೇಸ್ ನೋಡದವರಿಗಾಗಿ ಸಂದರ್ಭ ಹೇಳುತ್ತೇನೆ. ಆ ವರ್ಷದ ಡಿಸೆಂಬರ್ 12ರಂದು ಅಬುಧಾಬಿಯ ಯಾಸ್ ಮರೀನಾದಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವರ್ಸ್ಟಾಪನ್ ತಲಾ 369.5 ಅಂಕಗಳೊಂದಿಗೆ ಕೊನೆಯ ರೇಸಿಗೆ ಇಳಿದರು. ಒಟ್ಟು 58 ಸುತ್ತು. ಹ್ಯಾಮಿಲ್ಟನ್ ನಿಶ್ಚಿಂತೆಯಿಂದ ಮುಂದಿದ್ದಾಗ, 53ನೇ ಸುತ್ತಿನಲ್ಲಿ ನಿಕೊಲಸ್ ಲತೀಫಿ ಅವರ ಕಾರು ತಡೆಗೋಡೆಗೆ ಬಡಿದು ಸೇಫ್ಟಿ ಕಾರ್ (ಅಪಾಯ ತೀರುವವರೆಗೆ ಎಲ್ಲರೂ ನಿಧಾನವಾಗಿ ಹಿಂಬಾಲಿಸಬೇಕಾದ ಕಾರು) ಹೊರಬಂತು. ವರ್ಸ್ಟಾಪನ್ ಪಿಟ್‌ಗೆ ಹೋಗಿ ಹೆಚ್ಚು ವೇಗ ಕೊಡುವ ಹೊಸ ಸಾಫ್ಟ್ ಟೈರ್ ಹಾಕಿಸಿಕೊಂಡರು. ಹ್ಯಾಮಿಲ್ಟನ್ ಸವೆದ ಹಾರ್ಡ್ ಟೈರಿನಲ್ಲೇ ಉಳಿದರು. ಇಬ್ಬರ ನಡುವೆ ಒಂದು ಸುತ್ತು ಹಿಂದೆ ಬಿದ್ದ ಐದು ಕಾರುಗಳಿದ್ದವು. ಅವು ಇದ್ದಲ್ಲೇ ಇರಬೇಕೆಂದು ಮೊದಲು ಸೂಚನೆ ಬಂತು. ಆಮೇಲೆ ರೇಸ್ ನಿರ್ದೇಶಕ ಮೈಕಲ್ ಮಾಸಿ ಆ ಐದನ್ನು ಮಾತ್ರ ಮುಂದೆ ಬಿಟ್ಟರು. ಹೀಗಾಗಿ ವರ್ಸ್ಟಾಪನ್ ನೇರವಾಗಿ ಹ್ಯಾಮಿಲ್ಟನ್ ಬೆನ್ನ ಹಿಂದೆ ಬಂದರು. ವರ್ಸ್ಟಾಪನ್ ಹಿಂದಿದ್ದ, ಅದೇ ರೀತಿ ಸುತ್ತು ಕಳೆದುಕೊಂಡ ಬೇರೆ ಕಾರುಗಳನ್ನು ಬಿಡಲಿಲ್ಲ. ಉಳಿದ ಒಂದೇ ಸುತ್ತಿನ ಐದನೆಯ ತಿರುವಿನಲ್ಲಿ ವರ್ಸ್ಟಾಪನ್ ಎದುರಾಳಿಯನ್ನು ಹಿಂದಿಕ್ಕಿ ಚಾಂಪಿಯನ್ ಆದರು.

ಸುತ್ತು ಕಳೆದುಕೊಂಡ ‘ಎನಿ’ ಕಾರುಗಳು ಸೇಫ್ಟಿ ಕಾರನ್ನು ದಾಟಿ ಹೋಗುವುದು ಕಡ್ಡಾಯ ಎಂದು 48.12ನೇ ವಿಧಿಯಲ್ಲಿತ್ತು. ಹ್ಯಾಮಿಲ್ಟನ್ ಅವರ ಮರ್ಸಿಡಿಸ್ ತಂಡ ದೂರು ಕೊಟ್ಟಿತು. ‘ಎನಿ’ ಎಂದರೆ ‘ಆಲ್’ (all, ಎಲ್ಲ) ಅಲ್ಲ ಎಂದು ವರ್ಸ್ಟಾಪನ್ ಅವರ ತಂಡವಾದ ರೆಡ್ ಬುಲ್ ವಾದಿಸಿತು. ಆ ವಿಧಿ ಪೂರ್ತಿ ಪಾಲನೆಯಾಗದೆ ಇರಬಹುದು, ಆದರೆ ಸೇಫ್ಟಿ ಕಾರನ್ನು ಒಳಕ್ಕೆ ಕರೆಸುವ 48.13 ಅದನ್ನು ಮೀರುತ್ತದೆ ಎಂದು ಹೇಳಿ ರೇಸಿನ ತೀರ್ಪುಗಾರರಾದ ಸ್ಟೀವರ್ಡ್‌ಗಳು ದೂರನ್ನು ತಳ್ಳಿಹಾಕಿದರು. 2022ರ ನಿಯಮಾವಳಿಯಲ್ಲಿ ‘ಎನಿ’ ಇದ್ದ ಜಾಗಕ್ಕೆ ‘ಆಲ್’ ಬಂತು.

ಈಗ ಕನ್ನಡದ ವಿಷಯ. ನಿಷೇಧದ ವಾಕ್ಯದಲ್ಲಿ ‘ಯಾವುದೇ’ ಗಟ್ಟಿಯಾಗಿ ನಿಲ್ಲುತ್ತದೆ: ‘ಯಾವುದೇ ಕಾರಣಕ್ಕೂ ಇಲ್ಲಿ ವಾಹನ ನಿಲ್ಲಿಸಬಾರದು’ ಎಂದರೆ ಒಂದು ಕಾರಣವೂ ಹೊರಗುಳಿಯುವುದಿಲ್ಲ. ‘ಯಾವುದೇ ಕಾರು ಮುಂದೆ ಹೋಗಬಹುದು’ ಎಂಬುದೂ ಸರಿಯೇ, ಪ್ರತಿ ಕಾರಿಗೂ ಅನುಮತಿ ಇದೆ. ಆದರೆ ‘ಯಾವುದೇ ಕಾರು ಮುಂದೆ ಹೋಗಬೇಕು’ ಎಂದು ಬರೆದ ಕೂಡಲೇ ಕಿವಿ ತಕರಾರು ಮಾಡುತ್ತದೆ. ‘ಬೇಕು’ ಜೊತೆ ‘ಯಾವುದೇ’ ಹೊಂದುವುದೇ ಇಲ್ಲ ಎಂದು ನನಗೆ ಅನ್ನಿಸುತ್ತದೆ. ‘ಯಾವುದಾದರೂ’ ಎಂದರೆ ಒಂದು ಹೋದರೂ ಸಾಕು. ‘ಯಾವ ಯಾವ ಕಾರುಗಳು ಹಿಂದೆ ಬಿದ್ದಿವೆಯೋ ಅವೆಲ್ಲವೂ’ ಎಂದರೆ ಸಂದೇಹಕ್ಕೆ ಎಡೆಯೇ ಇಲ್ಲ, ಆದರೆ ಅದು 2022ರ ನಿಯಮವಾಗಿಬಿಡುತ್ತದೆ! ಹಳೆಯ ಪಾಠವನ್ನು ಅಷ್ಟು ಸ್ಪಷ್ಟವಾಗಿ ಅನುವಾದಿಸಿದರೆ ವಾದ ಹುಟ್ಟಿದ್ದಾದರೂ ಹೇಗೆ ಎಂದು ಓದುಗರಿಗೆ ತಿಳಿಯುವುದಿಲ್ಲ.

ಸದ್ಯಕ್ಕೆ ನಾನು ‘ಸುತ್ತು ಹಿಂದೆ ಬಿದ್ದ ಕಾರುಗಳು ಸೇಫ್ಟಿ ಕಾರನ್ನು ದಾಟಿ ಹೋಗಬೇಕು’ ಎಂದಷ್ಟೇ ಬರೆದಿದ್ದೇನೆ. ‘ಬಾಕಿ ಇರುವವರು ಶುಲ್ಕ ಕಟ್ಟಬೇಕು’ ಎಂಬ ಫಲಕ ನೋಡಿ ಐದು ಜನ ಕಟ್ಟಿದರೆ ಸಾಕೆಂದು ಯಾರೂ ತಿಳಿಯುವುದಿಲ್ಲ. ಹಾಗಿದ್ದರೂ ‘ಎಲ್ಲರೂ’ ಎಂಬ ಪದ ಅಲ್ಲಿಲ್ಲ ಎಂದು ಪಟ್ಟು ಹಿಡಿಯುವವರಿಗೆ ಸ್ವಲ್ಪ ಜಾಗ ಉಳಿಯುತ್ತದೆ. ರೆಡ್ ಬುಲ್ ವಾದವನ್ನು ನಾನು ಒಪ್ಪುವುದಿಲ್ಲ. ಕಡ್ಡಾಯ ಎಂದ ಮೇಲೆ ಕೆಲವನ್ನು ಆರಿಸಿ ಬಿಡುವ ಸ್ವಾತಂತ್ರ್ಯ ನಿರ್ದೇಶಕರಿಗೆ ಎಲ್ಲಿಂದ ಬರಬೇಕು? ಆದರೆ ನನ್ನ ನಿಲುವು ಅನುವಾದದೊಳಗೆ ನುಸುಳಬಾರದು.

ಇನ್ನೊಂದು ಸಣ್ಣ ಪ್ರಶ್ನೆ: ಪತ್ರಿಕೆಗಳು ಬಳಸುವ ‘ಹಿಂದುಳಿದ ಕಾರು’ ನನಗೆ ಒಪ್ಪಿಗೆಯಿಲ್ಲ, ಎರಡನೆಯ ಸ್ಥಾನದಲ್ಲಿರುವವರೂ ಹಿಂದುಳಿದವರೇ ಅಲ್ಲವೇ. ‘ಸುತ್ತು ಕಳೆದುಕೊಂಡ’, ‘ಸುತ್ತು ಹಿಂದೆ ಬಿದ್ದ’, ಇವುಗಳಲ್ಲಿ ಯಾವುದು ನಿಮಗೆ ಸಹಜ?

ಕಾಯ್ದೆಗಳನ್ನು ಕನ್ನಡಕ್ಕೆ ತಂದ ಅನುಭವವಿರುವವರು ಬಳಗದಲ್ಲಿದ್ದೀರಿ. ‘ಎನಿ’ ಜೊತೆ ಕಡ್ಡಾಯದ ಕ್ರಿಯಾಪದ ಬಂದಾಗ ನೀವು ಏನು ಬರೆಯುತ್ತೀರಿ ಎಂದು ವಾಕ್ಯದ ಉದಾಹರಣೆಯೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.