32 ಕೋರ್ ಇದ್ದರೂ 64ಕ್ಕೆ ದುಡ್ಡು ಕೊಡಬೇಕಾ?

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ:
ಮೈಸೂರಿನ ನಮ್ಮ ಸಣ್ಣ ಫ್ಯಾಕ್ಟರಿಯಲ್ಲಿ ಎರಡು ಸರ್ವರ್ ಇವೆ, ಒಂದೊಂದರಲ್ಲೂ ಎರಡು ಸಿಪಿಯು, ಸಿಪಿಯುಗೆ 8 ಕೋರ್ (ಸಿಪಿಯು ಒಳಗಿನ ಲೆಕ್ಕ ಮಾಡುವ ಘಟಕ). ಅದರ ಮೇಲೆ ವಿಎಂವೇರ್ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಕಂಪ್ಯೂಟರ್, ಅಂದರೆ ವಿಎಂ, ಓಡಿಸುವ ಸಾಫ್ಟ್‌ವೇರ್) ಹಾಕಿ ಟ್ಯಾಲಿ, ಹಾಜರಿ, ಫೈಲ್ ಸರ್ವರ್ ಎಲ್ಲ ಓಡಿಸುತ್ತಿದ್ದೇವೆ. ಈಗ ಬಂದ ವಿಎಂವೇರ್ ಲೈಸೆನ್ಸ್ ಕೊಟೇಶನ್‌ನಲ್ಲಿ 64 ಕೋರ್ ಅಂತ ಇದೆ, ಅದೂ ವರ್ಷ ವರ್ಷ ಕಟ್ಟುವ ಲೆಕ್ಕ. ಎಣಿಸಿದರೆ ನಮ್ಮದು 32 ಅಲ್ವಾ? ಓನರ್‌ಗೆ ಏನಂತ ಹೇಳಲಿ?

ವಿಜಯನಗರ ಅಡ್ಮಿನ್:
ಟೈಪಿಂಗ್ ತಪ್ಪಲ್ಲ ಸಾರ್. ಕೋರ್ ಎಷ್ಟೇ ಕಮ್ಮಿ ಇರಲಿ, ಸಿಪಿಯುಗೆ ಕನಿಷ್ಠ 16 ಅಂತಲೇ ಹಿಡಿಯುತ್ತಾರೆ. ನಾಲ್ಕು ಸಿಪಿಯು, 64. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಕಂಪನಿಯನ್ನು ಕೊಂಡುಕೊಂಡಿತು, ಡಿಸೆಂಬರ್‌ನಲ್ಲೇ ಕಾಯಂ ಲೈಸೆನ್ಸ್ ಮಾರಾಟ ನಿಲ್ಲಿಸಿತು. ಮೊದಲು ಒಂದು ಸಿಪಿಯುನಲ್ಲಿ 32 ಕೋರ್ ತನಕ ಒಂದೇ ಲೈಸೆನ್ಸ್ ಸಾಕಿತ್ತು. ನಿಮ್ಮದು ಎಷ್ಟನೇ ಆವೃತ್ತಿ? 7 ಆದರೆ ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್‌ಗೇ ಮುಗಿಯಿತು.

ಮಂಡ್ಯ ಕಡೆಯವನು:
ಸುಮ್ನೆ ಯಾಕೆ ಕಟ್ಟುತ್ತೀರಾ, ಅದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್ ನೋಡಿ. ಕೆವಿಎಂ (ಲಿನಕ್ಸ್‌ನಲ್ಲೇ ಇರುವ, ವಿಎಂ ಓಡಿಸುವ ಭಾಗ) ಮೇಲೆ ನಡೆಯುತ್ತದೆ, ಸಾಫ್ಟ್‌ವೇರ್ ಪುಕ್ಕಟೆ, ಸಪೋರ್ಟ್ ಬೇಕಿದ್ದರೆ ಮಾತ್ರ ಸಾಕೆಟ್ (ಸಿಪಿಯು ಕೂರುವ ಜಾಗ) ಲೆಕ್ಕದಲ್ಲಿ ದುಡ್ಡು. ಇಎಸ್‌ಎಕ್ಸ್‌ಐನಿಂದ (ಸರ್ವರ್ ಮೇಲೆ ಕೂರುವ ವಿಎಂವೇರ್‌ನ ಮೂಲ ಸಾಫ್ಟ್‌ವೇರ್) ವಿಎಂಗಳನ್ನು ಎಳೆದುಕೊಳ್ಳುವ ಇಂಪೋರ್ಟ್ ವಿಝಾರ್ಡ್ ಕೂಡ ಇದೆ. ಒಂದೇ ಮಾತು, ವಿಂಡೋಸ್ ವಿಎಂ ಆದರೆ ಮೊದಲೇ ವರ್ಟ್‌ಐಒ ಡ್ರೈವರ್ (ವರ್ಚುವಲ್ ಡಿಸ್ಕ್, ನೆಟ್‌ವರ್ಕ್ ಗುರುತಿಸಲು ಬೇಕಾದದ್ದು) ಹಾಕಿಡಿ, ಇಲ್ಲದಿದ್ದರೆ ಬೂಟ್ ಡಿಸ್ಕ್ ಕಾಣದೆ ನೀಲಿ ಸ್ಕ್ರೀನ್ ಬಂದು ನಿಲ್ಲಬಹುದು.

ವಿಜಯನಗರ ಅಡ್ಮಿನ್:
ಅದು ಸರಿ, ಆದರೆ ವಿಂಡೋಸ್ ಸರ್ವರ್ ಖರ್ಚು ಎಲ್ಲಿಗೂ ಹೋಗುವುದಿಲ್ಲ. ಸ್ಟ್ಯಾಂಡರ್ಡ್ ಎಡಿಷನ್ ಆದರೆ ಒಂದು ಸರ್ವರ್‌ನ ಎಲ್ಲ ಕೋರ್‌ಗೂ ಲೈಸೆನ್ಸ್ ತಗೊಂಡ ಮೇಲೂ ಅದರಲ್ಲಿ ಎರಡೇ ವಿಂಡೋಸ್ ವಿಎಂ. ಬ್ಯಾಕಪ್ ಸಾಫ್ಟ್‌ವೇರ್ ಪ್ರಾಕ್ಸ್‌ಮಾಕ್ಸ್‌ಗೆ ಹೊಂದುತ್ತಾ ಅಂತಲೂ ಮೊದಲು ಕೇಳಿಕೊಳ್ಳಿ.

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ:
ಹಾಗಾದರೆ ಹಳೆ ಡೆಸ್ಕ್‌ಟಾಪ್ ಮೇಲೆ ಪ್ರಾಕ್ಸ್‌ಮಾಕ್ಸ್ ಹಾಕಿ, ಹಾಜರಿ ವಿಎಂ ಓಡಿಸಿ ನೋಡುತ್ತೇನೆ. ಟ್ಯಾಲಿಯನ್ನು ಮಾರ್ಚ್ ಮುಗಿಯುವ ತನಕ ಮುಟ್ಟುವುದಿಲ್ಲ.